ಭಾವನ ಮಾತಿನ ವೇಗ

ಸೆಪ್ಟೆಂಬರ್ 4

ತಮ್ಮಾ,

ಒಂದು ಕೆಟ್ಟ ಕನಸು ಬಿತ್ತು. ನಿನ್ನ ಭಾವನ ಮಂಚದ ಪಕ್ಕದ ಕಂಪ್ಯೂಟರ್ ಡಬ್ಬಿ ಹಾಲಿನ ಪಾತ್ರೆಯ ಹಾಗೆ ಉಕ್ಕುತ್ತಿತ್ತು. ಅದರ ತೂತುಗಳಿಂದ ಅಕ್ಷರಗಳು ಇರುವೆಗಳ ಹಾಗೆ ಹೊರಬಂದು ನೆಲದ ತುಂಬ ಹರಿದಾಡುತ್ತಿದ್ದವು. ನಾನು ಪೊರಕೆ ಹಿಡಿದು ಗುಡಿಸುತ್ತಿದ್ದೇನೆ, ಬಟ್ಟೆಯ ಚೂರುಗಳ ಜೊತೆ ಅವೂ ಮೊರಕ್ಕೆ ಬೀಳುತ್ತಿವೆ. ಅಷ್ಟರಲ್ಲಿ ಇವರು ಎದ್ದು ಕೂತು, ಬಾಯಿಂದಲೇ, ಆ ಹಳೇ ದನಿಯಲ್ಲೇ, "ಗುಡಿಸಬೇಡ ಕಣೇ, ಅದು ನನ್ನ ಮಾತು" ಅಂದರು. ಎಚ್ಚರವಾಯಿತು. ಎದ್ದು ಕೂತದ್ದಕ್ಕೆ ಖುಷಿಪಡಬೇಕೋ, ಗುಡಿಸಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಮೊದಲ ಸಾಲಿಗೆ ಕ್ಷೇಮ ಅಂತ ಬರೆಯುವುದು ಪದ್ಧತಿ. ಇವತ್ತು ಬಿಟ್ಟಿದ್ದೇನೆ.

ನೀನು ಬೆಟ್ಟ ಹತ್ತುವ ಮುಂಚೆ ಡಬ್ಬಿಯ ವೇಗ ಏರಿಸಿ ಹೋದೆಯಲ್ಲ, ಮೊದಲು ನಿಜವಾಗಿಯೂ ಚೆನ್ನಾಗಿತ್ತು. ಇವರು ಪರದೆಯ ಮೇಲಿನ ಅಕ್ಷರದ ಕಡೆ ಕಣ್ಣು ಹೊರಳಿಸಿದರೆ ಸಾಕು, ಕೆಳಗಿನ ಕ್ಯಾಮೆರಾ ಹಿಡಿದುಬಿಡುತ್ತಿತ್ತು. ಹಿಂದಿನ ಹಾಗೆ ಒಂದೊಂದು ಅಕ್ಷರಕ್ಕೂ ಕಾಯುವುದು ಇರಲಿಲ್ಲ. ವಾಕ್ಯ ಮುಗಿದ ಕೂಡಲೇ ಡಬ್ಬಿ ವಾರ್ತೆ ಓದುವವರ ದನಿಯಲ್ಲಿ ಹೇಳುತ್ತಿತ್ತು. ಕೈ ಹೋಗಿ, ನಾಲಿಗೆ ಹೋಗಿ, ಮನೆಯಲ್ಲಿ ಮಾತೇ ನಿಂತಿದ್ದು ನಿನಗೆ ಗೊತ್ತಲ್ಲ. ಆ ವಾರ ಇವರು ಎಷ್ಟು ಮಾತಾಡಿದರೆಂದರೆ, ನಾನು ಹೊಲಿಗೆ ಯಂತ್ರದಿಂದಲೇ "ಸ್ವಲ್ಪ ಸುಮ್ಮನಿರ್ತೀರಾ" ಅಂತ ಬೈದಿದ್ದೆ. ಬೈದು ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಈಗ ಡಬ್ಬಿ ಮಾತಿನ ಮಧ್ಯೆ ಸತ್ತುಹೋಗುತ್ತದೆ. ಪರದೆ ನೀಲಿ. ಮೊನ್ನೆ "ನನಗೆ" ಅಂತ ಬಂತು, ಅಷ್ಟರಲ್ಲಿ ನೀಲಿ. ಮತ್ತೆ ಶುರು ಮಾಡಿ "ನಿಮಗೆ ಏನು?" ಅಂದೆ. "ಮರೆತೆ" ಅಂದರು. ಮರೆಯುವ ಆಸಾಮಿಯೇ ಅವರು? ಇಪ್ಪತ್ತು ವರ್ಷ ಬಸ್ಸು ಓಡಿಸಿದವರು, ಯಾವ ತಿರುವಿನಲ್ಲಿ ಯಾವ ಗುಂಡಿ ಅಂತ ಈಗಲೂ ಹೇಳುತ್ತಾರೆ.

ದೊಡ್ಡ ಡಾಕ್ಟರು ಹೇಳಿದ್ದಾರೆ, ಈ ಕಾಯಿಲೆಯಲ್ಲಿ ಎಲ್ಲ ಹೋದರೂ ಕಣ್ಣೊಂದು ಕಡೇತನಕ ಉಳಿಯುತ್ತದೆ ಅಂತ. ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ಕಣ್ಣಿದ್ದರೆ ಮಾತುಂಟು. ಆದರೆ ಡಬ್ಬಿ ನೆಟ್ಟಗಿರಬೇಕಲ್ಲ? ನಾನು ಆರನೇ ಕ್ಲಾಸಿಗೇ ಪುಸ್ತಕ ಮಡಚಿದವಳು. ಏನು ಒತ್ತಬೇಕು, ಏನು ಒತ್ತಬಾರದು, ಮಗುವಿಗೆ ಹೇಳಿದ ಹಾಗೆ ಬರೆ. ಡಬ್ಬಿ ಹೊತ್ತಿ ಉರಿಯುವುದಿಲ್ಲ ತಾನೆ? ಅದನ್ನೂ ಬರೆ.

ನಿನ್ನ ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ನಿನ್ನ ಕಾಗದ ರೇಷನ್ ಜೀಪಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಬಂತು. ಈ ಹವಾಮಾನ ಕೇಂದ್ರದಲ್ಲಿ ನಾವು ನಾಲ್ಕೇ ಜನ: ಆಫೀಸರು, ವೈರ್‌ಲೆಸ್ಸಿನವನು, ಅಡುಗೆಯವನು, ಗಾಳಿ ಚಳಿ ಅಳೆಯುವ ಉಪಕರಣಗಳನ್ನು ರಿಪೇರಿ ಮಾಡುವ ನಾನು. ಫೋನು ಇಲ್ಲಿ ಬರೀ ಟಾರ್ಚು. ವೈರ್‌ಲೆಸ್ಸಿನಲ್ಲಿ ಹವಾಮಾನದ ಅಂಕಿ ಬಿಟ್ಟು ಬೇರೆ ಮಾತಾಡಿದರೆ ಆಫೀಸರ ಹುಬ್ಬು ಕೂದಲ ತನಕ ಏರುತ್ತದೆ. ಹಾಗಾಗಿ ಈರುಳ್ಳಿ ಮೂಟೆಯೇ ಗತಿ.

ಡಬ್ಬಿ ಹೊತ್ತಿ ಉರಿಯುವುದಿಲ್ಲ. ಇದನ್ನು ಮೊದಲು ಓದಿ, ನೀರು ಕುಡಿದು, ಆಮೇಲೆ ಮುಂದಕ್ಕೆ ಓದು.

ಡಬ್ಬಿಯೊಳಗೆ ಪ್ರೊಸೆಸರ್ ಅಂತ ಒಂದು ಬಿಲ್ಲೆ ಇದೆ, ಅದೇ ಅದರ ತಲೆ. ತಯಾರಿಸಿದವರು ಅದಕ್ಕೆ 36 ಅಂತ ಒಂದು ಗುಣಕ ಇಟ್ಟು ಕಳಿಸಿದ್ದರು. ಗುಣಕ ಏರಿದಷ್ಟೂ ತಲೆ ಬೇಗ ಓಡುತ್ತದೆ. ನಾನು ಹೊರಡುವ ಗಡಿಬಿಡಿಯಲ್ಲಿ 43 ಕೊಟ್ಟು ಬಂದೆ. ಬೇಗ ಓಡುವವನಿಗೆ ಊಟ ಜಾಸ್ತಿ ಬೇಕು. ಆ ಊಟವೇ ವೋಲ್ಟೇಜು. ಊಟ ಸಾಲದಿದ್ದರೆ ತಲೆ ತಿರುಗಿ ಬೀಳುತ್ತಾನೆ, ಅದೇ ನಿನ್ನ ನೀಲಿ ಪರದೆ. ಊಟ ಹೆಚ್ಚಾದರೆ ಮೈ ಕಾಯುತ್ತದೆ. ತೀರಾ ಕಾದರೆ ಡಬ್ಬಿ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಇವೆರಡರ ನಡುವೆ ಒಂದು ಜಾಗ ಇದೆ. ಅದನ್ನು ಹುಡುಕಬೇಕು, ಊಹಿಸಬಾರದು.

ಡಬ್ಬಿ ಶುರುವಾಗುವಾಗ ಡಿಲೀಟ್ ಕೀ ಒತ್ತುತ್ತಾ ಇರು. ಬೂದು ಬಣ್ಣದ ಪುಟ ಬರುತ್ತದೆ. ಜೊತೆಯ ಹಾಳೆಯಲ್ಲಿ ಅದರ ಚಿತ್ರ ಬರೆದಿದ್ದೇನೆ, ಎರಡು ಮನೆಗಳಿಗೆ ಸುತ್ತು ಹಾಕಿದ್ದೇನೆ. ಮೇಲಿನದು ಗುಣಕ, ಕೆಳಗಿನದು ವೋಲ್ಟೇಜು. ವೋಲ್ಟೇಜು 1.25, ಅಲ್ಲಾಡಿಸಬೇಡ. ಗುಣಕ ಮೊದಲು 36ಕ್ಕೆ ಇಳಿಸು. ಆಮೇಲೆ ಒಂದೊಂದೇ ಏರಿಸು. ಪ್ರತಿ ಸಲ ಏರಿಸಿದಾಗಲೂ, ಪರದೆಯ ಮೂಲೆಯಲ್ಲಿ ನಾನು "ಗಾಣ" ಅಂತ ಹೆಸರಿಟ್ಟ ಪ್ರೋಗ್ರಾಂ ಇದೆಯಲ್ಲ, ಅದಕ್ಕೆ ಡಬ್ಬಿಯನ್ನು ಕಟ್ಟು. ಅದು ಎತ್ತಿನ ಹಾಗೆ ದುಡಿಸಿ ನೋಡುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಬೀಳದೆ ತಿರುಗಿತು, ಬಿಸಿ 80 ಡಿಗ್ರಿ ದಾಟಲಿಲ್ಲ ಅಂದರೆ ಆ ಗುಣಕ ಗಟ್ಟಿ. ಬಿದ್ದರೆ ಒಂದು ಕೆಳಗೆ ಇಳಿ. ಹೊಲಿಗೆಯ ಚೂರುಗಳ ನಾರು ಫ್ಯಾನಿಗೆ ಸುತ್ತಿಕೊಂಡಿರುತ್ತದೆ, ಬ್ರಷ್ಷಿನಲ್ಲಿ ತೆಗೆ.

ಇಲ್ಲಿನ ಚಳಿಯನ್ನು ಒಂದು ಮೂಟೆ ಕಟ್ಟಿ ನಿನ್ನ ಡಬ್ಬಿಗೆ ಕಳಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಸೆಪ್ಟೆಂಬರ್ 27

ತಮ್ಮಾ,

ನೀನು ಹೇಳಿದ ಹಾಗೇ ಮಾಡಿದೆ, ಆಗಲಿಲ್ಲ. ಬೂದು ಪುಟ ನೋಡಿದಾಗ ಕೀ ಒತ್ತಿದ್ದು ಎರಡು ಸಲ ಆಗಿ, ಇವರ ಕಡೆ ತಿರುಗಿ ನೋಡಿದರೆ ನಗುತ್ತಿದ್ದಾರೆ. ಈಗ ನಗು ಅಂದರೆ ಎಡಗಣ್ಣಿನ ಪಕ್ಕ ಒಂದು ಸಣ್ಣ ನೆರಿಗೆ, ಅಷ್ಟೇ. ನನಗೆ ಗೊತ್ತಾಗುತ್ತದೆ.

ಒಂದೊಂದೇ ಏರಿಸಿ 40ಕ್ಕೆ ಬಂದೆ. ಗಾಣಕ್ಕೆ ಕಟ್ಟಿದರೆ ಬೀಳುವುದಿಲ್ಲ, ಅದೇನೋ ಸರಿ. ಆದರೆ ಬಿಸಿ 93. ಡಬ್ಬಿಯ ಬೆನ್ನಿಗೆ ಕೈಯಿಟ್ಟರೆ ಇಸ್ತ್ರಿಪೆಟ್ಟಿಗೆ. ಮಾತು ಹಿಂದಿಗಿಂತ ನಿಧಾನ. ನಾರೆಲ್ಲ ತೆಗೆದೆ, ಒಂದು ದಿಂಬು ತುಂಬುವಷ್ಟು ಇತ್ತು.

ಗಾಣದ ವಿಷಯದಲ್ಲಿ ಒಂದು ಮಾತು ನೀನು ಬರೆದಿರಲಿಲ್ಲ. ಅದು ತಿರುಗುವಾಗ ಇವರಿಗೆ ಮಾತಿಲ್ಲ. ಮಧ್ಯಾಹ್ನ ಮಲಗಿರಲಿ ಅಂತ ಅಂದುಕೊಂಡೆ, ಇವರು ಮಲಗಲಿಲ್ಲ. ನಾನು ಒಂದು ಮದುವೆ ರವಿಕೆಯ ಕೊನೇ ಹೊಲಿಗೆಯಲ್ಲಿದ್ದೆ, ಬೆನ್ನು ಇವರ ಕಡೆಗಿತ್ತು. ಎದ್ದು ನೋಡಿದರೆ ಕಣ್ಣಿನಿಂದ ನೀರು ಕಿವಿಗೆ ಇಳಿದು ದಿಂಬು ಒದ್ದೆ. ರೆಪ್ಪೆಯ ಒಂದು ಕೂದಲು ಕಣ್ಣೊಳಗೆ ಹೋಗಿತ್ತು. ಎಷ್ಟು ಹೊತ್ತಿನಿಂದಲೋ. ಹುಬ್ಬು ಏರಿಸಿ ಕರೆದಿರುತ್ತಾರೆ, ಹುಬ್ಬಿಗೆ ಸದ್ದಿಲ್ಲವಲ್ಲ. ಡಬ್ಬಿಯನ್ನು ನೆಟ್ಟಗೆ ಮಾಡಲು ಹೋಗಿ ಇವರ ಬಾಯಿಗೆ ನಾನೇ ಬೀಗ ಹಾಕಿದ ಹಾಗಾಯಿತು. ಈಗ ಗಾಣ ಹಾಕಿದರೆ ಹೊಲಿಗೆ ಬಿಟ್ಟು ಎದುರಿಗೆ ಕೂರುತ್ತೇನೆ. ಕೂತು ಏನು ಮಾಡಲಿ, ನಾನೇ ಮಾತಾಡುತ್ತೇನೆ. ಗಾಣ ನಿಲ್ಲಿಸಿದ ಮೇಲೆ ಇವರು ಹೇಳಿದ ಮೊದಲ ಮಾತು, "ನಿನ್ನ ಗಾಣ ಯಾವಾಗ ನಿಲ್ಲೋದು?"

ನಿನಗೂ ಒಂದು ಸಂದೇಶ ಇದೆ. ಹೇಳಿದ ಹಾಗೇ ಬರೆಯುತ್ತೇನೆ: "ಸ್ಕ್ರೂಡ್ರೈವರ್ ಸಾಹೇಬರೇ, ಏರು ದಾರೀಲಿ ಟಾಪ್ ಗೇರ್ ಹಾಕಿದ್ರೆ ಎಂಜಿನ್ ಬಿಸಿಯಾಗ್ದೆ ತಂಪಾಗುತ್ತಾ? ನಿಮ್ಮ ಅಕ್ಕ ಈಗ ನನ್ನ ಹೆಂಡತಿಯಲ್ಲ, ಡಬ್ಬಿ ಹೆಂಡತಿ."

ವಾರಕ್ಕೊಮ್ಮೆ ಇವರನ್ನು ನೋಡಲು ಬರುವ ನರ್ಸಮ್ಮ ಬಂದಿದ್ದಳು. ಇವರ ಮುಖದ ಹತ್ತಿರ ಪೆನ್ನು ಆಡಿಸಿ ಏನೋ ನೋಡಿದಳು. "ಅಮ್ಮಾ, ಸ್ವಲ್ಪ ಹೊರಗೆ ಬರ್ತೀರಾ" ಅಂದಳು. "ಹೊರಗೆ ಯಾಕಮ್ಮ, ಡಬ್ಬಿ ಬಿಸಿಯಾಗಿದೆ, ಅದಕ್ಕೇ ಮಾತು ನಿಧಾನ, ನನ್ನ ತಮ್ಮ ಸರಿ ಮಾಡ್ತಾನೆ" ಅಂದೆ. ಪೆನ್ನು ಜೇಬಿಗಿಟ್ಟು ಹೊರಟಳು.

ಬಿಸಿ ಯಾಕೆ, ಬೇಗ ಬರೆ.

ನಿನ್ನ ಅಕ್ಕ


ಅಕ್ಟೋಬರ್ 6

ಅಕ್ಕಾ,

ನಿನ್ನ ಕಾಗದದ ಅಂಕಿಗಳನ್ನು ಮೂರು ಸಲ ಕೂಡಿಸಿ ಕಳೆದು ನೋಡಿದೆ. ವೋಲ್ಟೇಜು 1.25, ಗುಣಕ 40, ಬಿಸಿ 93. ಇದು ಆಗುವ ಮಾತಲ್ಲ. ಒಲೆಗೆ ಒಂದೇ ಕಡ್ಡಿ ಇಟ್ಟು ಹಂಡೆ ನೀರು ಕುದಿಯಿತು ಅಂದ ಹಾಗಿದೆ. ಫ್ಯಾನು ತಿರುಗುತ್ತಿದೆಯಾ? ಬಿಲ್ಲೆಯ ಮೇಲೆ ಕೂತಿರುವ ಲೋಹದ ದಿಮ್ಮಿ ಅಲ್ಲಾಡುತ್ತಿದೆಯಾ? ಅವೆರಡೂ ಸರಿಯಿದ್ದರೆ, ಅಕ್ಕಾ, ನೀನು ಕೆಳಗಿನ ಮನೆಯಲ್ಲಿ ನಿಜವಾಗಿ ಯಾವ ಅಂಕಿ ಹಾಕಿದ್ದೀಯ? ನಾನು ಬರೆದದ್ದು ಬೇಡ, ನೀನು ಹಾಕಿದ್ದು ಹೇಳು. ಬೈಯುವುದಿಲ್ಲ.

ಕಣ್ಣಿಗೆ ಕೂದಲು ಹೋದ ಸಂಗತಿ ಓದಿ ಇಲ್ಲಿ ಊಟ ಸೇರಲಿಲ್ಲ. ಅಡುಗೆಯವನು ತನ್ನ ಸಾರಿನ ತಪ್ಪೆಂದು ತಿಳಿದು ಮುನಿಸಿಕೊಂಡಿದ್ದಾನೆ.

ಇನ್ನೊಂದು. ನರ್ಸಮ್ಮ ಪೆನ್ನು ಹೇಗೆ ಆಡಿಸಿದಳು? ಎಡಕ್ಕೆ ಬಲಕ್ಕಾ, ಮೇಲೆ ಕೆಳಗಾ? ಸುಮ್ಮನೆ ಕೇಳಿದೆ. ಮುಂದಿನ ಸಲ ಬಂದಾಗ ಅವಳ ಮಾತು ಪೂರ್ತಿ ಕೇಳಿಸಿಕೋ.

ನಿನ್ನ ತಮ್ಮ


ಅಕ್ಟೋಬರ್ 16

ತಮ್ಮಾ,

ಬೈಯುವುದಿಲ್ಲ ಅಂದಿದ್ದೀಯ, ನೆನಪಿರಲಿ.

1.35 ಹಾಕಿದ್ದೆ.

ಕೇಳು. ಯಾರಾದರೂ ಎದೆ ಮೂವತ್ತಾರು ಅಂತ ಅಳತೆ ಕೊಟ್ಟರೆ ಮೂವತ್ತಾರಕ್ಕೇ ಕತ್ತರಿಸುತ್ತಾರಾ? ಹೊಲಿಗೆಗೆ ಬಟ್ಟೆ ಬಿಡಬೇಡವಾ? ಉಸಿರಾಡಲು ಜಾಗ ಬೇಡವಾ? ಬಿಗಿ ಆದದ್ದನ್ನು ಬಿಚ್ಚಿ ದೊಡ್ಡದು ಮಾಡಲು ಬಟ್ಟೆ ಎಲ್ಲಿಂದ ತರುವುದು? ನೀನು ಊಟ ಸಾಲದಿದ್ದರೆ ಬೀಳುತ್ತಾನೆ ಅಂತ ಬರೆದಿದ್ದೆ. ಬೀಳಬಾರದು ಅಂತ ಸ್ವಲ್ಪ ಬಿಟ್ಟು ಕತ್ತರಿಸಿದೆ. ಇಷ್ಟು ವರ್ಷದಲ್ಲಿ ನಾನು ಹೊಲಿದದ್ದು ಯಾರಿಗೂ ಬಿಗಿಯಾಗಿಲ್ಲ. ಇದನ್ನು ಇವರಿಗೆ ಹೇಳಿದೆ. ತುಂಬ ಹೊತ್ತು ಕಣ್ಣಾಡಿಸಿ ಒಂದು ಮಾತು ಹೇಳಿದರು: "ಅದಕ್ಕೇ ನನ್ನ ಅಂಗಿಯೆಲ್ಲ ದೊಗಳೆ."

ಈಗ ಸರಿಯಾಗಿ 1.25 ಇಟ್ಟಿದ್ದೇನೆ. ಕನ್ನಡಕ ಒರೆಸಿ ನೋಡಿ ಇಟ್ಟಿದ್ದೇನೆ. ಗುಣಕ 41. ಮಧ್ಯಾಹ್ನ ಗಾಣ ತಿರುಗಿತು, ಮರುದಿನವೂ ತಿರುಗಿಸಿದೆ, ಬೀಳಲಿಲ್ಲ. ಬಿಸಿ 71, ಅದರ ಮೇಲೆ ಏರಲೇ ಇಲ್ಲ. 42ಕ್ಕೆ ಏರಿಸಿದರೆ ಬೀಳುತ್ತದೆ, ಇಳಿಸಿದೆ. ನೀನು ಹೇಳಿದ ಆ ನಡುವಿನ ಜಾಗ ಸಿಕ್ಕಿತು ಅಂತ ನನಗೆ ಕುಣಿಯುವಷ್ಟು ಸಂತೋಷವಾಯಿತು. "ಮಾತಾಡಿ, ಈಗ ಮಾತಾಡಿ" ಅಂತ ಎದುರಿಗೆ ಕೂತೆ.

ನಿಧಾನ, ತಮ್ಮಾ. ಈಗಲೂ ನಿಧಾನ. ಒಂದು ಅಕ್ಷರ ಬರುವಷ್ಟರಲ್ಲಿ ನಾನು ಸೂಜಿಗೆ ದಾರ ಪೋಣಿಸಿ ಒಂದು ಗುಂಡಿ ಹಾಕಬಹುದು. ಪಕ್ಕದ ಅಕ್ಷರ ಬೇರೆ ಬಂದುಬಿಡುತ್ತದೆ, ಅದನ್ನು ಅಳಿಸಬೇಕು, ಅಳಿಸುವ ಗುರುತು ಪರದೆಯ ಆ ತುದಿಯಲ್ಲಿದೆ. ಬಿಸಿ ಇಲ್ಲ, ಬೀಳುವುದಿಲ್ಲ, ಮತ್ತೆ ಏನು ರೋಗ ಇದಕ್ಕೆ? ವೋಲ್ಟೇಜು ಒಂಚೂರು ಕೊಟ್ಟು 44 ಮಾಡಿದರೆ ಹೇಗೆ?

ಪೆನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಮೇಲೆ ಕೆಳಗೂ. ಈ ಸಲ ಕಣ್ಣಿಗೆ ಹಾಕುವ ಹನಿ ಕೊಟ್ಟುಹೋದಳು, ಒಣಗುತ್ತದಂತೆ. ಒಣಗಿದರೆ ಹನಿ ಹಾಕಿದರಾಯಿತು. ಅದಕ್ಕೂ ಇದಕ್ಕೂ ಏನು?

ನಿನ್ನ ಅಕ್ಕ


ಅಕ್ಟೋಬರ್ 25

ಅಕ್ಕಾ,

ಬೈಯಲಿಲ್ಲ, ನಕ್ಕೆ. ಆಫೀಸರಿಗೂ ಹೇಳಿದೆ, ಅವರೂ ನಕ್ಕರು. ಅವರು ನಕ್ಕದ್ದನ್ನು ಇಲ್ಲಿ ಯಾರೂ ನೋಡಿರಲಿಲ್ಲ.

41, 1.25, ಬಿಸಿ 71. ಇದಕ್ಕಿಂತ ಚೆನ್ನಾಗಿ ನಾನೂ ಮಾಡುತ್ತಿರಲಿಲ್ಲ. 44 ಬೇಡ, ದಯವಿಟ್ಟು ಬೇಡ. ಅದರಿಂದ ಏನೂ ಸಿಗುವುದಿಲ್ಲ.

ನಿಧಾನಕ್ಕೆ ಬೇರೆ ಕಾರಣ ಇರಬಹುದು. ಕ್ಯಾಮೆರಾದ ಗಾಜು ಒರೆಸಿ ನೋಡು. ಮೇಜಿನ ದೀಪವನ್ನು ಬಲಗಡೆಯಿಂದ ಎಡಗಡೆಗೆ ಇಡು. ಕಿಟಕಿಯ ಬೆಳಕು ಪರದೆಗೆ ಬೀಳದ ಹಾಗೆ ಬಟ್ಟೆ ಕಟ್ಟು. ಭಾವನ ದಿಂಬು ಒಂದು ಬೆರಳು ಎತ್ತರಿಸು.

ಹೋದ ವಾರ ಇಲ್ಲಿ ಗಾಳಿಯ ವೇಗ ಅಳೆಯುವ ಬಟ್ಟಲುಗಳು ತಿರುಗುವುದು ಕಡಿಮೆಯಾಯಿತು. ಬೇರಿಂಗು ಹೋಗಿದೆ ಅಂತ ಕಂಬ ಹತ್ತಿ ಬಿಚ್ಚಿದೆ, ಎಣ್ಣೆ ಬಿಟ್ಟೆ, ಕಟ್ಟಿದೆ. ಮತ್ತೆ ನಿಧಾನ. ಮತ್ತೆ ಬಿಚ್ಚಿದೆ. ಮೂರನೇ ಸಲ ಕಂಬದ ಮೇಲೆ ಕೂತಿದ್ದಾಗ ಕೆಳಗಿನಿಂದ ಆಫೀಸರು ಕೂಗಿದರು, "ಏನಯ್ಯಾ, ಗಾಳಿನೇ ಇಲ್ಲ, ಅದೇನು ಮಾಡುತ್ತೆ ಪಾಪ!" ಇದನ್ನು ಯಾಕೆ ಬರೆದೆನೋ. ಬಿಡು.

ಒಳ್ಳೆಯ ಸುದ್ದಿ ಇದೆ. ರಜೆ ಸಿಕ್ಕಿದೆ. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಒಂದು ಕೊನೆಯ ಜೀಪು ಇಳಿಯುತ್ತದೆ, ಅದರಲ್ಲಿ ಒಂದು ಸೀಟು ನನ್ನದು. ನಾನೇ ಬಂದು ನೋಡುತ್ತೇನೆ. ಅಲ್ಲಿಯ ತನಕ ಡಬ್ಬಿಯನ್ನು ಮುಟ್ಟಬೇಡ.

ನಿನ್ನ ತಮ್ಮ


ನವೆಂಬರ್ 3

ತಮ್ಮಾ,

ನೀನು ಬರುತ್ತೀಯ ಅಂತ ಓದಿ ಕಾಗದವನ್ನು ಇವರ ಮುಖದ ಮುಂದೆ ಹಿಡಿದೆ. ಎಡಗಣ್ಣಿನ ನೆರಿಗೆ ಬಂತು.

ಆದರೆ ನೀನು ಬರುವ ತನಕ ಕಾಯಲಾಗಲಿಲ್ಲ. ಗಾಜು ಒರೆಸಿದೆ. ದೀಪ ಎಡಕ್ಕಿಟ್ಟೆ, ಬಲಕ್ಕಿಟ್ಟೆ, ತಲೆಯ ಮೇಲೂ ಹಿಡಿದೆ. ಕಿಟಕಿಗೆ ಯಾರದೋ ಲಂಗದ ಬಟ್ಟೆ ಕಟ್ಟಿದೆ. ದಿಂಬು ಎತ್ತರಿಸಿದೆ. ಏನೂ ಆಗಲಿಲ್ಲ. ನನಗೆ ನಿನ್ನ ಮೇಲೆ ಕೋಪ ಬಂತು. ಅಷ್ಟು ಎತ್ತರದಲ್ಲಿ ಕೂತು ದೀಪ ಸರಿಸು, ದಿಂಬು ಸರಿಸು ಅನ್ನುತ್ತಾನಲ್ಲ, ಇವನಿಗೇನು ಗೊತ್ತು ಅಂತ. 44 ಹಾಕಿದೆ.

ಡಬ್ಬಿ ಏಳಲೇ ಇಲ್ಲ. ಫ್ಯಾನು ಒಮ್ಮೆ ಗುಯ್ಯೆಂದು ನಿಲ್ಲುತ್ತದೆ, ಮತ್ತೆ ಗುಯ್ಯೆನ್ನುತ್ತದೆ. ಪರದೆ ಕಪ್ಪು. ಒಂದು ಪೂರ್ತಿ ದಿನ, ಮರುದಿನ ಮಧ್ಯಾಹ್ನದ ತನಕ, ಇವರಿಗೆ ಮಾತಿಲ್ಲ. ನಾನು ಅಕ್ಷರಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳುವುದು, ಬೇಕಾದದ್ದು ಬಂದಾಗ ಇವರು ಹುಬ್ಬು ಏರಿಸುವುದು. "ಕಿ" ಅಂತ ಬಂತು. ನನಗೆ ತಾಳ್ಮೆ ಎಲ್ಲಿ, "ಕಿಟಕೀನಾ? ತೆಗೀಲಾ? ಮುಚ್ಚಲಾ? ಬಟ್ಟೆ ಬಿಚ್ಚಲಾ?" ಅಂತ ಓಡಾಡಿದೆ. ಇವರು ಕಣ್ಣು ಮುಚ್ಚಿಕೊಂಡರು. ಪಕ್ಕದ ಸೀಟಿನವನು ದಾರಿ ಹೇಳಿಕೊಟ್ಟರೆ ಇವರಿಗೆ ಆಗುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ಆಮೇಲೆ ಮುಖ ಒರೆಸುವಾಗ ನೋಡಿದರೆ ದಿಂಬಿನ ಮಡಿಕೆಗೆ ಕಿವಿ ಸಿಕ್ಕಿಕೊಂಡು ಕೆಂಪಾಗಿತ್ತು. ಕಿವಿ ಅನ್ನಲು ಹೊರಟಿದ್ದರು, ಪಾಪ.

ಕಡೆಗೆ ಕಂಪ್ಯೂಟರ್ ಅಂಗಡಿಯವನ ಹತ್ತಿರ ಓಡಿದೆ. "ಕರೆಂಟ್ ತೆಗ್ದು, ಒಳಗೆ ನಾಣ್ಯದ ಹಾಗಿರೋ ಬ್ಯಾಟರಿ ಇದೆಯಲ್ಲಮ್ಮ, ಅದನ್ನು ಸ್ವಲ್ಪ ಹೊತ್ತು ತೆಗ್ದಿಟ್ಟು ಹಾಕಿ, ಎಲ್ಲಾ ಮರೆತು ಹುಟ್ಟಿದ ದಿನದ ಹಾಗಾಗುತ್ತೆ" ಅಂದ. ಹಾಗೇ ಆಯಿತು. ಮತ್ತೆ 41, 1.25 ಹಾಕಿದೆ. ಮತ್ತೆ ಗಾಣ. ಮತ್ತೆ ಬಿಸಿ 71. ಮರೆತು ಹುಟ್ಟಿದ ದಿನದ ಹಾಗಾಗುವ ಭಾಗ್ಯ ಡಬ್ಬಿಗೆ ಮಾತ್ರ ನೋಡು.

ಇವರು ಈಗ ಕಡಿಮೆ ಮಾತಾಡುತ್ತಾರೆ. ಇವತ್ತು ನಿನಗೆ ಅಂತ ಒಂದು ಸಾಲು ಹೇಳಿದರು, ಅದಕ್ಕೆ ಬೆಳಗಿನ ಹೊತ್ತೆಲ್ಲ ಹೋಯಿತು. "ಗಾಡಿ ಚೆನ್ನಾಗಿದೆ. ಡ್ರೈವರ್ ಮುದುಕ." ಇಂಥ ಹೊತ್ತಿನಲ್ಲೂ ತಮಾಷೆ ಇವರಿಗೆ! ನಾನು ನಕ್ಕೆ. ನಗಲಿ ಅಂತಲೇ ಹೇಳಿದ್ದಲ್ಲವಾ?

ಬೇಗ ಬಾ. ನಿನ್ನ ಹಳೇ ಚಾಪೆ ಬಿಸಿಲಿಗೆ ಹಾಕಿದ್ದೇನೆ.

ನಿನ್ನ ಅಕ್ಕ


ನವೆಂಬರ್ 12

ಅಕ್ಕಾ,

ಈ ಕಾಗದವನ್ನು ಕೆಳಗೆ ತರುತ್ತಿರುವವನು ನಮ್ಮ ಅಡುಗೆಯವನು. ಮೂರು ದಿನದಿಂದ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದಾನೆ, ಜ್ವರ ಇಳಿಯುತ್ತಿಲ್ಲ. ಆಸ್ಪತ್ರೆ ಸೇರದಿದ್ದರೆ ಉಳಿಯುವುದಿಲ್ಲ. ಜೀಪಿನಲ್ಲಿ ಇದ್ದದ್ದು ಒಂದೇ ಸೀಟು. ಆಫೀಸರು ನನ್ನ ಮುಖ ನೋಡಿದರು. ನಾನೇ ಅವನನ್ನು ಎತ್ತಿ ಕೂರಿಸಿದೆ. ಇನ್ನು ಹಿಮ ಕರಗುವ ತನಕ ಯಾರೂ ಇಳಿಯುವುದಿಲ್ಲ, ಯಾವ ಕಾಗದವೂ ಹತ್ತುವುದಿಲ್ಲ.

ನಾನು ಬಂದು ಮಾಡೋಣ ಅಂದುಕೊಂಡಿದ್ದ ಒಂದು ಪರೀಕ್ಷೆ ಇದೆ. ಅದನ್ನು ಈಗ ನೀನೇ ಮಾಡಬೇಕು. ಬಿಸಿ 71 ಅಂತ ನೀನು ಬರೆದ ದಿನವೇ ನಾನು ಇದನ್ನು ಬರೆಯಬಹುದಿತ್ತು. ಕೈ ಬರಲಿಲ್ಲ. ದೀಪ, ದಿಂಬು ಅಂತ ಬರೆದೆ.

ಕುರ್ಚಿ ಹಾಕಿಕೊಂಡು ಪರದೆಯ ಮುಂದೆ ನೀನು ಕೂರು. ಭಾವನ ತಲೆ ಇರುವ ಎತ್ತರಕ್ಕೇ ಕೂರು. ಕ್ಯಾಮೆರಾಕ್ಕೆ ನಿನ್ನ ಕಣ್ಣನ್ನು ಪರಿಚಯ ಮಾಡಿಕೊಡುವುದು ಹೇಗೆಂದು ನಿನಗೆ ಗೊತ್ತು, ಭಾವನಿಗೆ ದಿನಾ ಮಾಡುತ್ತೀಯ. ಆಮೇಲೆ ನಿನ್ನ ಕಣ್ಣಿನಿಂದ ಯಾವುದಾದರೂ ಒಂದು ಮಾತು ಬರೆ. ನಿನಗೂ ಅಕ್ಷರ ನಿಧಾನವಾಗಿ ಬಂದರೆ ತಪ್ಪು ಡಬ್ಬಿಯದು, ಅಂಗಡಿಯವನಿಗೆ ತೋರಿಸಿ ಬೇರೆ ತೆಗೆದುಕೋ. ನಿನಗೆ ಬೇಗ ಬಂದರೆ, ಅಕ್ಕಾ, ಡಬ್ಬಿಯನ್ನು ಬಿಟ್ಟುಬಿಡು. ಆಗ ನರ್ಸಮ್ಮ ಹೊರಗೆ ಕರೆದರೆ ಹೋಗು.

ಆಗ ಒಂದು ರಟ್ಟಿನ ಮೇಲೆ ದೊಡ್ಡದಾಗಿ ನಾಲ್ಕೈದು ಮಾತು ಬರೆದು ಹಿಡಿ. ಬಾಯಾರಿಕೆ, ನೋವು, ತಿರುಗಿಸು, ಸಾಕು. ಹುಬ್ಬು ಇದೆಯಲ್ಲ. ಹುಬ್ಬು ಇರುವ ತನಕ ಹೌದು ಅಲ್ಲ ಅನ್ನಬಹುದು.

ಭಾವನ ಸಾಲು ಬಂದು ಮುಟ್ಟಿತು ಅಂತ ಅವರಿಗೆ ಹೇಳು. ಅರ್ಥವಾಯಿತು ಅಂತಲೂ ಹೇಳು.

ನಿನ್ನ ತಮ್ಮ


ನವೆಂಬರ್ 24

ತಮ್ಮಾ,

ನಿನ್ನ ಅಡುಗೆಯವನು ಬದುಕಿಕೊಂಡ. ಅವನ ತಂಗಿ ಕಾಗದವನ್ನು ಕೈಯಲ್ಲೇ ತಂದುಕೊಟ್ಟಳು. ಆಪರೇಷನ್ ಆಗಿ ಗಂಜಿ ಕುಡಿಯುತ್ತಿದ್ದಾನಂತೆ, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ ಅಂತ ಜಗಳವಾಡಿದನಂತೆ. ಸೀಟು ಕೊಟ್ಟದ್ದು ಒಳ್ಳೆಯದಾಯಿತು. ನನಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಒಳ್ಳೆಯದಾಯಿತು ಅನ್ನಿಸಿತು.

ಆ ಪರೀಕ್ಷೆ ನಾನು ಮಾಡಿದ್ದೆ. ದೀಪವನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದ್ದ ದಿನಗಳಲ್ಲೇ. ಯಾರೂ ಹೇಳಿಕೊಡಲಿಲ್ಲ. ಅಂಗಿ ಸರಿಯಾಗಿ ಕೂರದಿದ್ದರೆ ನಾನೇ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದಿಲ್ಲವಾ, ಹಾಗೆ. ಇವರನ್ನು ಗೋಡೆಯ ಕಡೆಗೆ ಸ್ವಲ್ಪ ಹೊರಳಿಸಿ, ನಾನು ಪಕ್ಕದಲ್ಲಿ ತಲೆಯಿಟ್ಟು ಮಲಗಿ ನೋಡಿದೆ. ಅಕ್ಷರಗಳು ಓಡೋಡಿ ಬಂದವು, ತಮ್ಮಾ. ಶಾಲೆ ಬಿಟ್ಟ ಮಕ್ಕಳ ಹಾಗೆ. ಆರನೇ ಕ್ಲಾಸಿನವಳ ಕಣ್ಣಿಗೆ ಒಂದು ತಪ್ಪೂ ಇಲ್ಲದೆ. ಡಬ್ಬಿ ಆ ವಾರ್ತೆಯ ದನಿಯಲ್ಲಿ ನಾನು ಬರೆದದ್ದನ್ನು ಗಟ್ಟಿಯಾಗಿ ಹೇಳಿಬಿಟ್ಟಿತು. ದನಿ ಕಡಿಮೆ ಮಾಡಬೇಕಿತ್ತು, ನನಗೆ ಹೊಳೆಯಲಿಲ್ಲ. ಎಷ್ಟು ಬೇಗ ಬಂತು ಅನ್ನುವುದನ್ನೂ ಇವರು ಕೇಳಿಸಿಕೊಂಡರು. ಗೋಡೆಯ ಕಡೆಗಿದ್ದರು, ಮುಖ ನನಗೆ ಕಾಣಲಿಲ್ಲ. ಅದಾದ ಮೇಲೆ 44 ಹಾಕಿದ್ದು. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ಹೌದು ಅಂತ ಬರೆಯುತ್ತಿದ್ದೆ, ಅದನ್ನು ಓದಬೇಕಾಗುತ್ತಿತ್ತು.

ನರ್ಸಮ್ಮ ಕರೆದಾಗ ಹೊರಗೆ ಹೋದೆ. ಮೆಟ್ಟಿಲ ಮೇಲೆ ಕೂರಿಸಿ, ಪೂರ್ತಿ ಹೇಳಿದಳು. ಕೆಲವರಿಗೆ ಕಣ್ಣಿನ ನರವೂ ಸೋಲುತ್ತದಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. "ದೊಡ್ಡ ಡಾಕ್ಟರು ಹಾಗೆ ಹೇಳಿರಲಿಲ್ಲ" ಅಂದೆ. "ಹೆಚ್ಚಿನವರಿಗೆ ಉಳಿಯುತ್ತೆ ಅಂತ ಹೇಳಿರ್ತಾರಮ್ಮ" ಅಂದಳು. ಇರಬಹುದು. ಹೆಚ್ಚಿನವರಿಗೆ ಅನ್ನುವ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ರಟ್ಟು ಮಾಡಿದ್ದೇನೆ. ನೀನು ಹೇಳಿದ ನಾಲ್ಕು ಮಾತು ಬರೆದೆ, ಐದನೆಯದು ಇವರಿಗೆ ಏನು ಬೇಕೆಂದು ಕೇಳಿದೆ. ಡಬ್ಬಿಯಲ್ಲೇ ಹೇಳುತ್ತೇನೆ ಅಂತ ಪರದೆ ನೋಡಿದರು. ಬೆಳಿಗ್ಗೆ ಶುರು ಮಾಡಿದರು. ನಾನು ಊಹಿಸಲಿಲ್ಲ, ಬಾಯಿ ಮುಚ್ಚಿಕೊಂಡು ಕೂತೆ, ನನ್ನ ಸೆರಗಿನ ಅಂಚನ್ನೇ ಬಿಚ್ಚಿ ಮತ್ತೆ ಹೊಲಿದೆ. ಮಧ್ಯೆ ಎರಡು ಸಲ ನಿದ್ದೆ ಹೋದರು. ಊಟದ ಹೊತ್ತಿಗೆ "ಜಗಳ" ಅಂತ ಬಂತು. ಮುಂದೆ ಏನಾದರೂ ಇದೆಯಾ ಅಂತ ಕಾದೆ. ಕಣ್ಣು ನಿಂತಿತು. ಅಷ್ಟೇ ಅಂತೆ. ರಟ್ಟಿನ ಮೇಲೆ ಜಗಳ ಅಂತ ಬರೆದೆ. ಸಂಜೆ ರಟ್ಟು ಹಿಡಿದರೆ ಆ ಮಾತಿನ ಮೇಲೆ ಬೆರಳಿಟ್ಟಾಗ ಹುಬ್ಬು ಏರಿಸುತ್ತಾರೆ. ನಾನು ಬೈಯುತ್ತೇನೆ. ದೊಗಳೆ ಅಂಗಿ ಅಂದಿರಲ್ಲ, ಇಪ್ಪತ್ತು ವರ್ಷ ಅದನ್ನೇ ಹಾಕಿಕೊಂಡು ಬಸ್ಸು ಓಡಿಸಿದಿರಲ್ಲ, ಆಗ ಬಾಯಿ ಇರಲಿಲ್ಲವಾ ಅಂತ. ಎಡಗಣ್ಣಿನ ಪಕ್ಕ ನೋಡುತ್ತೇನೆ. ಒಮ್ಮೊಮ್ಮೆ ನೆರಿಗೆ ಇದೆ ಅನ್ನಿಸುತ್ತದೆ. ಒಮ್ಮೊಮ್ಮೆ ದೀಪದ ನೆರಳೋ ಏನೋ.

ಡಬ್ಬಿಯನ್ನು ಮುಟ್ಟಿಲ್ಲ. 41ರಲ್ಲೇ ಇದೆ, ಬೀಳದೆ ನಡೆಯುತ್ತಿದೆ. ಬೆಳಿಗ್ಗೆ ಶುರು ಮಾಡಿ ರಾತ್ರಿ ನಿಲ್ಲಿಸುತ್ತೇನೆ. ಇಷ್ಟು ಗಟ್ಟಿಯಾಗಿ ಯಾವತ್ತೂ ನಡೆದಿರಲಿಲ್ಲ.

ಈ ಕಾಗದ ಬೆಟ್ಟದ ಬುಡದ ಅಂಚೆ ಕಚೇರಿಯಲ್ಲೇ ಬಿದ್ದಿರುತ್ತದೆ, ದಾರಿ ಬಿಟ್ಟ ಮೇಲೇ ಹತ್ತುವುದು ಅಂತ ಅಂಚೆಯವನು ಹೇಳಿದ. ಬಿದ್ದಿರಲಿ. ನೀನು ಓದುವ ಹೊತ್ತಿಗೆ ಇಲ್ಲಿ ಏನಾಗಿರುತ್ತದೋ. ಆದರೂ ಒಂದು ಕೆಲಸ ಮಾಡು. ನಾನು ಮಲಗಿ ನೋಡಿದ್ದು ಬೆಳಿಗ್ಗೆ, ಡಬ್ಬಿ ಆಗ ತಾನೇ ಶುರುವಾಗಿತ್ತು, ಇನ್ನೂ ತಣ್ಣಗಿತ್ತು. ಇವರು ಮಾತಾಡುವುದು ಅದು ಕಾದ ಮೇಲೆ. 71ರಲ್ಲಿ ಡಬ್ಬಿ ನಿಧಾನವಾಗುವುದಿಲ್ಲ ಅಂತ ನೀನು ಲೆಕ್ಕ ಹಾಕಿದ್ದೀಯ, ನಿಜ. ಎಷ್ಟಕ್ಕೆ ನಿಧಾನವಾಗುತ್ತದೆ ಅನ್ನುವುದು ಎಲ್ಲಾ ಬಿಲ್ಲೆಗೂ ಒಂದೇನಾ, ಇಲ್ಲ ಕೆಲವಕ್ಕೆ ಬೇರೆ ಇರುತ್ತದಾ? ಅದೊಂದನ್ನು, ತಮ್ಮಾ, ಇನ್ನೊಂದು ಸಲ ನೋಡಿ ಬರೆ.

ನಿನ್ನ ಅಕ್ಕ